ಕಾಂಪೌಂಡರ್ ಮಾವನ ಹದಿನೇಳು ಬಾಟಲಿ

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮಾವನವರು ಇನ್ನೂ ಕೆಲಸದಲ್ಲಿದ್ದರು. ಬೀದಿಗೆಲ್ಲ ಅವರು ಕಾಂಪೌಂಡರ್. ಹೆಸರು ಹಿಡಿದು ವಿಚಾರಿಸಿಕೊಂಡು ಬಂದವರಿಗೆ ನಮ್ಮ ಮನೆ ಸಿಗುತ್ತಿರಲಿಲ್ಲ; ಕಾಂಪೌಂಡರ್ ಮನೆ ಅಂದರೆ ಮೂಲೆಯ ಸೈಕಲ್ ರಿಪೇರಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲವರೆಗೆ ಕರೆತಂದು ಬಿಡುತ್ತಿದ್ದ. ಆ ಗೌರವ ಕಂಡು ನನಗೆ ಮೊದಮೊದಲು ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿತ್ತು. ನಾನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಎಷ್ಟು ಪುಸ್ತಕ ತಿದ್ದಿದರೂ ನನ್ನನ್ನು ಕೇಳಿಕೊಂಡು ಬಂದವರು ಯಾರೂ ಇಲ್ಲ.

ಮೂವತ್ತನಾಲ್ಕು ವರ್ಷ ಅವರು ಒಂದು ದವಾಖಾನೆಯ ಕಿಟಕಿಯ ಹಿಂದೆ ನಿಂತರು. ಒಳಗೆ ಡಾಕ್ಟರು ಚೀಟಿ ಬರೆಯುತ್ತಿದ್ದರು, ಇಲ್ಲಿ ಇವರು ಔಷಧಿ ಬೆರೆಸಿ ಕೊಡುತ್ತಿದ್ದರು. ಬಾಟಲಿಯನ್ನು ರೋಗಿಯೇ ತರಬೇಕಿತ್ತು. ಶಾಯಿ ಬಾಟಲಿ, ಎಣ್ಣೆ ಬಾಟಲಿ, ಕೆಲವರು ನಾಚಿಕೊಂಡು ಚೀಲದಲ್ಲಿ ಮುಚ್ಚಿ ತಂದ ಹೆಂಡದ ಬಾಟಲಿ, ಎಲ್ಲವೂ ಆ ಕಿಟಕಿಗೆ ಬರುತ್ತಿದ್ದವು. ಮಾವನವರು ಮೊದಲು ಬಾಟಲಿಯ ಬಾಯಿಯನ್ನು ಮೂಗಿಗೆ ಹಿಡಿದು ಕಣ್ಣು ಅರ್ಧ ಮುಚ್ಚುತ್ತಿದ್ದರು. ಚೂರು ವಾಸನೆ ಉಳಿದಿದ್ದರೂ "ತೊಳ್ಕೊಂಡು ಬನ್ನಿ" ಎಂದು ಅಂಗಳದ ನಲ್ಲಿಯ ಕಡೆ ಕೈ ತೋರಿಸುವುದು. ಔಷಧಿ ತುಂಬಿದ ಮೇಲೆ ಬಿಳಿ ಕಾಗದದ ಪಟ್ಟಿಯೊಂದರ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ ಬಾಟಲಿಯ ಬೆನ್ನಿಗೆ ಅಂಟಿಸುವುದು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ಅಳತೆ ತಪ್ಪುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಬ್ಬರ ಕೈಗೂ ತಪ್ಪು ಬಾಟಲಿ ಹೋಗಲಿಲ್ಲ ಎಂಬುದೊಂದೇ ಅವರ ಜಂಬ. ಮಿಕ್ಕ ವಿಷಯಗಳಲ್ಲಿ ಪಾಪ, ಜಂಬಪಡುವ ಮನುಷ್ಯರಲ್ಲ.

ಕೊನೆಯ ಕೆಲವು ವರ್ಷ ಅವರಿಗೆ ಹಿತವಾಗಿರಲಿಲ್ಲ. ಔಷಧಿಯೆಲ್ಲ ಕಾರ್ಖಾನೆಯಲ್ಲೇ ತುಂಬಿ, ಸೀಲು ಹೊಡೆದು, ಪ್ಲಾಸ್ಟಿಕ್ ಬಾಟಲಿಯಲ್ಲಿ ಬರತೊಡಗಿತು. ಬೆರೆಸುವ ಕೈಗೆ ಪೆಟ್ಟಿಗೆ ಎಣಿಸುವ ಕೆಲಸ ಬಂತು. ನಿವೃತ್ತಿಯ ದಿನ ಒಂದು ಅಳತೆ ಗ್ಲಾಸು, ಒಂದು ಲಾಳಿಕೆ, ಉದ್ದ ಹಿಡಿಯ ಬಾಟಲಿ ಬ್ರಶ್ಶು, ಇಷ್ಟನ್ನು ಕೇಳಿ ಪಡೆದು ಮನೆಗೆ ತಂದರು.

ಮೊದಲ ತಿಂಗಳು ಕಾಲಿಗೆ ತೊಡರುತ್ತಿದ್ದರು. ಗಡಿಯಾರಕ್ಕೆ ಕೀಲಿ ಕೊಡುವುದು, ಕೊಟ್ಟ ಕೀಲಿ ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡುವುದು. ಒಂದು ಭಾನುವಾರ ನಾನು ಪ್ರೂಫ್ ಹಿಡಿದು ಕೂತಿದ್ದೆ. ಅವರು ವಾರದ ಕಸದ ಬಕೆಟ್ಟನ್ನು ತಂದು ಹಳೇ ಪೇಪರಿನ ಮೇಲೆ ಸುರಿದರು, ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಬೇರೆ ಮಾಡತೊಡಗಿದರು. ನನಗೆ ಮೈ ಉರಿಯಿತು. ಮನೆಯ ಕಸದಲ್ಲಿ ಮಾವನವರು ಮೂಗು ತೂರಿಸಿದರೆ ಯಾವ ಸೊಸೆಗೆ ತಾನೇ ಹಿಡಿಸುತ್ತದೆ?

"ಇಲ್ಲಿ ಬಾರಮ್ಮ" ಎಂದರು. "ಇಪ್ಪತ್ತಮೂರು."

"ಏನು ಇಪ್ಪತ್ತಮೂರು, ಮಾವ?"

"ಶಾಂಪೂ ಪ್ಯಾಕೆಟ್ಟು. ಒಂದು ವಾರಕ್ಕೆ. ಈ ಮನೇಲಿ ಕೂದಲಿರೋ ತಲೆ ಎರಡೇ."

ಅವರ ತಲೆ ಬೋಳು, ನಮ್ಮನೆಯವರದೂ ಅದೇ ದಾರಿ ಹಿಡಿದಿತ್ತು. ಅತ್ತೆ ತೀರಿಕೊಂಡಿದ್ದರಿಂದ ಉಳಿದದ್ದು ನಾನು ಮತ್ತು ನಮ್ಮ ಮಗಳು. ಮಾವನವರು ಬ್ರೆಡ್ಡಿನ ಕವರು, ಕವರಿನೊಳಗಿನ ಕವರು, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿ ಬಿಸಾಡಿದ ಮೂಲೆ ಚೂರು, ಪಾತ್ರೆ ತೊಳೆಯುವ ನೀರು ಸೋಪಿನ ಡಬ್ಬಿ, ಎಲ್ಲವನ್ನೂ ಸಾಲಾಗಿ ಜೋಡಿಸಿದರು. ರೋಗಿಯ ನಾಲಿಗೆ ನೋಡಿದ ಡಾಕ್ಟರಂತೆ ತಲೆಯಾಡಿಸಿದರು.

"ಇದಕ್ಕೆ ಔಷಧಿ ಇದೆ. ಒಂದೇ ಸಲ ಕೊಟ್ರೆ ರೋಗಿ ತಡ್ಕೊಳ್ಳಲ್ಲ. ತಿಂಗಳಿಗೆ ಒಂದು ಬಿಡೋಣ" ಎಂದರು.

ಮೊದಲ ತಿಂಗಳು ನೀರು ಸೋಪು. ಮಾರುಕಟ್ಟೆಯ ಹಿಂದೆ ಡ್ರಮ್ಮುಗಳಿಂದ ಲೀಟರ್ ಲೆಕ್ಕದಲ್ಲಿ ಅಳೆದು ಕೊಡುವ ಒಂದು ಅಂಗಡಿಯನ್ನು ಅವರೇ ಪತ್ತೆ ಮಾಡಿದರು. ಗಾಜಿನ ಬಾಟಲಿ ಚಾಚಿದರೆ ಅಂಗಡಿಯವನು, "ಯಜಮಾನ್ರೇ, ಒಡೆದ್ರೆ ನನ್ನ ತಲೆ ಮೇಲೆ ಬರುತ್ತೆ" ಎಂದು ಪ್ಲಾಸ್ಟಿಕ್ ಕ್ಯಾನು ಮುಂದಿಟ್ಟನಂತೆ. ಮೂರು ಸಲ ಬರಿಗೈಯಲ್ಲಿ ಬಂದರು, ನಾಲ್ಕನೇ ಸಲ ತುಂಬಿಸಿಕೊಂಡು ಬಂದರು. ಎರಡನೇ ತಿಂಗಳು ಅಡುಗೆ ಎಣ್ಣೆ. ಆಮೇಲೆ ಹಾಲಿನ ಪ್ಯಾಕೆಟ್ಟು: ಅದನ್ನು ಬಿಡಲಾಗದ್ದಕ್ಕೆ, ಮೂಲೆಯ ಚೂರು ಉದುರದಂತೆ ಅರ್ಧ ಕತ್ತರಿಸಿ, ತೊಳೆದು, ಒಣಗಿಸಿ, ಗುಜರಿಯವನಿಗೆ ಕೊಡುವುದು. ಶಾಂಪೂ ವಿಷಯದಲ್ಲಿ ನಾನು ಆರು ತಿಂಗಳು ಪಟ್ಟು ಹಿಡಿದೆ, ಏಳನೇ ತಿಂಗಳು ಸೋತೆ. ಎಲ್ಲವೂ ಕೈಗೂಡಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವರೇ ಅರೆದ ಹಲ್ಲುಪುಡಿ ಹಾಕಿ ಉಜ್ಜಿ ನಮ್ಮನೆಯವರ ವಸಡಿನಲ್ಲಿ ರಕ್ತ ಬಂತು, ಟೂತ್‌ಪೇಸ್ಟು ಮಾರನೆಯ ದಿನವೇ ಮನೆಗೆ ವಾಪಸಾಯಿತು. ಆದರೂ ಎರಡು ವರ್ಷದ ಹೊತ್ತಿಗೆ ವಾರದ ಬಕೆಟ್ಟು ತಿಂಗಳಿಗೊಮ್ಮೆ ತುಂಬುವ ಹಾಗಾಯಿತು, ಗೂಡುಗಳಲ್ಲಿ ಹದಿನೇಳು ಗಾಜಿನ ಬಾಟಲಿಗಳು ನಿಂತವು. ಒಂದೊಂದರ ಬೆನ್ನಿಗೂ ಕಚ್ಚು ಹಾಕಿದ ಕಾಗದದ ಪಟ್ಟಿ. ಒಂದು ದಿನಕ್ಕೆ ಒಂದು ಕಚ್ಚು ಸೋಪು, ಅದಕ್ಕಿಂತ ಹೆಚ್ಚು ಸುರಿದರೆ ಗೊಣಗಾಟ.

ನಮ್ಮನೆಯವರು ಎಲೆಕ್ಟ್ರಿಷಿಯನ್. ಅವರು ಈ ಏರ್ಪಾಡಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಅಪ್ಪ, ತಿನ್ನೋದು, ತೊಳೆಯೋದು ಎಲ್ಲಾ ಒಂದೇ ಥರದ ಬಾಟ್ಲೀಲಿದೆ. ಒಂದೇ ಒಂದು ಸಲ ಅದಲು ಬದಲಾದ್ರೂ ನಾನು ಸೀಲ್ ಹೊಡೆದಿದ್ದನ್ನೇ ತರೋದು. ಆಮೇಲೆ ನೀವು ಮಾತಾಡೋ ಹಾಗಿಲ್ಲ."

"ಆಗಲಿ" ಎಂದಿದ್ದರು ಮಾವ, ಎರಡನೇ ಮಾತಿಲ್ಲದೆ.

ಬಾಟಲಿಗಳ ಮೇಲೆ ಹೆಸರು ಬರೆಯೋಣ ಎಂದು ನಾನು ಎಷ್ಟೋ ಸಲ ಹೇಳಿದೆ. ಅಕ್ಷರ ನಂಬಿ ಬದುಕುವವಳು ನಾನು. ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. "ಎಷ್ಟು ಅಂತ ಪಟ್ಟಿ ಹೇಳುತ್ತೆ, ಏನು ಅಂತ ಮೂಗು ಹೇಳುತ್ತೆ. ಚೀಟಿ ಬಿದ್ದುಹೋಗಬಹುದು, ಮೂಗು ಎಲ್ಲಿಗೆ ಹೋಗುತ್ತಮ್ಮ?" ಎನ್ನುತ್ತಿದ್ದರು. ಬಾಟಲಿ ತೊಳೆಯುವಾಗ ಒಮ್ಮೆ, ತುಂಬಿದಾಗ ಒಮ್ಮೆ, ಬಿರಡೆ ಹಾಕುವ ಮುಂಚೆ ಒಮ್ಮೆ, ಹೀಗೆ ಮೂರು ಸಲ ಮೂಸಿಯೇ ಗೂಡಿಗಿಡುತ್ತಿದ್ದರು. ತಿನ್ನುವಂಥದ್ದು ಮೇಲಿನ ಗೂಡಿಗೆ, ತೊಳೆಯುವಂಥದ್ದು ಸಿಂಕಿನ ಕೆಳಗೆ. ಅದಲು ಬದಲು ಒಂದು ಸಲವೂ ಆಗಲಿಲ್ಲ, ಆದ್ದರಿಂದ ನಾನೂ ಸುಮ್ಮನಾದೆ.

ಕಳೆದ ವರ್ಷ ಚಳಿಯಲ್ಲಿ ಅವರಿಗೆ ಕೆಟ್ಟ ಜ್ವರ ಬಂತು. ಹದಿನೈದು ದಿನ ಮಲಗಿದ್ದು ಎದ್ದರು. ಎದ್ದ ಮೇಲೆ ಮನುಷ್ಯ ತಣ್ಣಗಾಗಿದ್ದರು. ಮೊದಲಾದರೆ ಅಡುಗೆಯಲ್ಲಿ ತುಸು ಅಡಿ ಹಿಡಿದರೂ ಹಜಾರದಿಂದಲೇ "ಏನೋ ಸೀದಿದೆ" ಎಂದು ಕೂಗುತ್ತಿದ್ದವರು ಈಗ ಕೊಟ್ಟದ್ದನ್ನು ತಿಂದು ಏಳುತ್ತಿದ್ದರು. ಒಂದು ದಿನ ನಾನು ಹಾಲು ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತೆ. ಬಂದು ನೋಡಿದರೆ ಹಾಲೆಲ್ಲ ಉಕ್ಕಿ, ಪಾತ್ರೆ ಕರಕಲಾಗಿ, ಮನೆಯಿಡೀ ಕಮರು ವಾಸನೆ. ಮಾವನವರು ನಾಲ್ಕು ಹೆಜ್ಜೆ ದೂರದಲ್ಲಿ ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಸೊಸೆಯ ಮೇಲೆ ಕೊನೆಗೂ ಕನಿಕರ ಹುಟ್ಟಿತೆಂದು ನಾನು ಒಳಗೊಳಗೇ ಖುಷಿಪಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ದಿನವೆಲ್ಲ ಬೇರೆಯವರ ತಪ್ಪು ಹುಡುಕುವ ಕಣ್ಣಿಗೆ ಮನೆಯಲ್ಲಿ ಎದುರಿಗಿದ್ದದ್ದು ಕಾಣಲಿಲ್ಲ.

ಏಳು ತಿಂಗಳು ಹೀಗೇ ಕಳೆಯಿತು. ಒಂದು ಶನಿವಾರ ಮಧ್ಯಾಹ್ನ ಮಗಳಿಗೆಂದು ಸೌತೆಕಾಯಿ ಹೆಚ್ಚಿದೆ. ಅದರ ಮೇಲೆ ಎರಡು ಹನಿ ವಿನೆಗರ್ ಬಿದ್ದರೆ ಅವಳಿಗೆ ಇಷ್ಟ. ಮೇಲಿನ ಗೂಡಿನಿಂದ ಬಾಟಲಿ ತೆಗೆದು ಬಿರಡೆ ಎಳೆದೆ. ಕಣ್ಣಲ್ಲಿ ನೀರು ಬರುವಷ್ಟು ಘಾಟು. ಅದು ಬಚ್ಚಲು ತಿಕ್ಕುವ ಆಸಿಡ್ಡು. ಎರಡಕ್ಕೂ ನೀರಿನ ಬಣ್ಣ, ಎರಡಕ್ಕೂ ಒಂದೇ ಅಳತೆಯ ಬಾಟಲಿ. ಸಿಂಕಿನ ಕೆಳಗೆ ಬಗ್ಗಿ ನೋಡಿದೆ. ವಿನೆಗರ್ ಅಲ್ಲಿ ಕೂತಿತ್ತು.

ಮಗಳು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಬರೀ ಸೌತೆಕಾಯಿ ಕೊಟ್ಟು ಹೊರಗೆ ಕಳಿಸಿದೆ. ಮೂರು ಸಲ ಮೂಸುವ ಮನುಷ್ಯ ಈ ಘಾಟನ್ನು ಹೇಗೆ ಬಿಟ್ಟರು? ಉತ್ತರ ಹೊಳೆದಾಗ ಭಯದ ಜೊತೆಗೆ ಸಿಟ್ಟೂ ಬಂತು. ನೇರವಾಗಿ ಹೋಗಿ ಕೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ತೊಳೆದ ಬಾಟಲಿಯೊಂದಕ್ಕೆ ನಲ್ಲಿ ನೀರು ಹಿಡಿದು ಅವರ ಮುಂದಿಟ್ಟೆ.

"ಮಾವ, ಈ ವಿನೆಗರ್ ಸರಿಯಿದೆಯಾ ನೋಡಿ."

ಅವರು ಬಿರಡೆ ತೆಗೆದರು, ಬಾಯಿಯನ್ನು ಮೂಗಿಗೆ ಹಿಡಿದರು, ಕಣ್ಣು ಅರ್ಧ ಮುಚ್ಚಿದರು. "ಸರಿಯಾಗಿದೆ. ಸ್ವಲ್ಪ ಹಳೇದು, ಅಷ್ಟೇ. ಇನ್ನೊಂದು ವಾರ ಬರುತ್ತೆ."

"ಅದು ನಲ್ಲಿ ನೀರು, ಮಾವ."

ಅವರು ಬಿರಡೆಯನ್ನು ಬಾಟಲಿಗೆ ಹಾಕಲು ನೋಡಿದರು. ಮೊದಲ ಸಲ ಜಾರಿತು, ಎರಡನೇ ಸಲ ಕೂತಿತು. ನನಗೆ ಆಗಲೇ ಪಶ್ಚಾತ್ತಾಪ ಶುರುವಾಗಿತ್ತು.

"ಯಾವಾಗಿಂದ?" ಎಂದೆ.

"ಜ್ವರ ಬಂತಲ್ಲ, ಆವಾಗಿಂದ. ವಾಪಸ್ ಬರುತ್ತೆ, ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ ಕಾದೆ."

"ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ಬಾಟ್ಲಿ ಕಿತ್ಕೋತೀರಿ. ಆಮೇಲೆ ನನಗೇನಿದೆ, ಗಡಿಯಾರಕ್ಕೆ ಕೀಲಿ ಕೊಡೋದು."

ನಾನು ಮೇಲಿನ ಗೂಡಿನಲ್ಲಿ ಸಿಕ್ಕ ಬಾಟಲಿಯನ್ನು ತಂದು, ಅದರೊಳಗೆ ಏನಿತ್ತು ಎಂದು ಹೇಳಿದೆ. ಅದು ಅವರಿಗೆ ಗೊತ್ತೇ ಇರಲಿಲ್ಲ.

"ಮಗು ತಿಂತಾ?"

"ಇಲ್ಲ."

"ನೀನು?"

"ಇಲ್ಲ ಮಾವ. ಬಿರಡೆ ತೆಗೆದ ಕೂಡ್ಲೇ ಗೊತ್ತಾಯ್ತು."

ಅವರು ಎದ್ದು ಹದಿನೇಳು ಬಾಟಲಿಗಳನ್ನೂ ಮೇಜಿನ ಮೇಲೆ ತಂದಿಟ್ಟರು. ನಾನು ಮೂಸಿ ನೋಡಿ ಒಳ್ಳೆಯದನ್ನು ಉಳಿಸಿಕೊಳ್ಳೋಣ ಎಂದರೆ ಕೇಳಲಿಲ್ಲ. "ಒಂದ್ರ ಮೇಲೆ ಅನುಮಾನ ಬಂತು ಅಂದ್ರೆ ಎಲ್ಲಾ ಹೋಗ್ಬೇಕು. ದವಾಖಾನೆ ಕಿಟಕಿ ಹತ್ರ ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನಾನು ಮಾರನೇ ದಿನ ಒಳಗೆ ಬಿಡ್ತಿರಲಿಲ್ಲ" ಎಂದರು. ಎಣ್ಣೆಯನ್ನು ಹಳೇ ಪೇಪರಿಗೆ ಹೀರಿಸಿದರು, ಮಿಕ್ಕದ್ದಕ್ಕೆ ಬೇಕಾದಷ್ಟು ನೀರು ಬೆರೆಸಿ ಚೆಲ್ಲಿದರು. ಸಂಜೆಯವರೆಗೆ ತೊಳೆದು ಬೋರಲು ಹಾಕಿದರು. ಆ ಹೊತ್ತು ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಗಿ ದುಃಖ ಮಾತ್ರ ಉಳಿಯಿತು.

ನಮ್ಮನೆಯವರಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಊಟಕ್ಕೆ ಕೂತಾಗ ಮಾವನವರೇ ಹೇಳಿದರು, ಏನೂ ಮುಚ್ಚಿಡದೆ. ನಮ್ಮನೆಯವರು ಮಗಳ ಕಡೆ ನೋಡಿದರು, ತಟ್ಟೆ ಸರಿಸಿದರು.

"ನಾಳೆಯಿಂದ ಸೀಲ್ ಹೊಡೆದಿದ್ದು" ಎಂದರು.

"ಸರಿ" ಎಂದರು ಮಾವ.

ಮಾರನೆಯ ದಿನ ಅಡುಗೆಮನೆಗೆ ಬಣ್ಣಬಣ್ಣದ ಹೊಸ ಡಬ್ಬಿಗಳು ಬಂದವು. ಒಪ್ಪಿಕೊಳ್ಳುತ್ತೇನೆ, ಎರಡು ದಿನ ನನಗೆ ನಿರಾಳವೇ ಅನಿಸಿತು. ಹೆಸರಿತ್ತು, ತಾರೀಖಿತ್ತು, ಶಾಂಪೂ ಕೂಡ ನನಗೆ ಬೇಕಾದದ್ದೇ. ಎರಡನೇ ವಾರಕ್ಕೆ ಬಕೆಟ್ಟು ತುಂಬಿ ಮುಚ್ಚಳ ಕೂರದಾಯಿತು. ಮಾವನವರು ಅದರ ಪಕ್ಕದಲ್ಲೇ ಓಡಾಡಿದರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಸೈಕಲ್ ರಿಪೇರಿಯವನು ಮಾತಾಡಿಸಿದರೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎದ್ದು, ಬೋರಲಾಗಿದ್ದ ಹದಿನೇಳು ಬಾಟಲಿಗಳ ಧೂಳು ಒರೆಸಿ, ಮತ್ತೆ ಬೋರಲು ಹಾಕಿ ಕೂರುತ್ತಿದ್ದರು. ತಿನ್ನುವುದೂ ಕಡಿಮೆಯಾಯಿತು. ಇದು ಹೀಗೇ ಹೋದರೆ ಈ ಮನುಷ್ಯ ನಮಗೆ ಉಳಿಯುವುದಿಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಮೂರನೇ ವಾರ ನಮ್ಮನೆಯವರನ್ನು ಹಿತ್ತಲಿಗೆ ಕರೆದೆ.

"ನೋಡಿ, ನಿಮ್ಮ ಟೆಸ್ಟರ್ ಕೆಟ್ರೆ ಏನ್ಮಾಡ್ತೀರಿ?"

"ಬೇರೆ ತಗೋತೀನಿ. ಯಾಕೆ?"

"ಗಿರಾಕಿ ಮನೆ ವೈರೆಲ್ಲಾ ಕಿತ್ತು ಹಾಕಲ್ವಾ?"

ಅವರಿಗೆ ನಗು ಬಂತು, ತಡೆದುಕೊಂಡರು. "ಇಲ್ಲಿ ಬೇರೆ ಟೆಸ್ಟರ್ ಎಲ್ಲಿದೆ?"

ನಾನು ನನ್ನ ಮೂಗು ಮುಟ್ಟಿ ತೋರಿಸಿದೆ. ಅದು ತುಸು ಉದ್ದ. ಮದುವೆಯ ಹೊಸದರಲ್ಲಿ ಅವರೇ ಅದನ್ನು ಆಡಿಕೊಂಡವರು. ಅವತ್ತು ಮಾತ್ರ ಆಡಿಕೊಳ್ಳಲಿಲ್ಲ. "ಹೆಸರು ಬರೀಬೇಕು. ತೊಳೆಯೋದೆಲ್ಲಾ ಬೇರೆ ಆಕಾರದ ಬಾಟ್ಲೀಲಿ, ಹಿತ್ತಲಲ್ಲಿ, ಬೀಗದೊಳಗೆ. ನೀನು ಮೂಸದೇ ಒಂದೂ ಒಳಗೆ ಬರಬಾರದು" ಎಂದರು. ಆಮೇಲೆ "ನನಗೂ ಅವರನ್ನ ಹಾಗೆ ನೋಡಕ್ಕಾಗ್ತಿಲ್ಲ ಕಣೇ" ಎಂದರು.

ಅಲ್ಲಿಂದ ಭಾನುವಾರ ಬೆಳಿಗ್ಗೆ ಅಡುಗೆಮನೆ ನಮ್ಮಿಬ್ಬರದಾಯಿತು. ಮಾವನವರು ತೊಳೆದು, ಲಾಳಿಕೆ ಇಟ್ಟು ಸುರಿಯುತ್ತಾರೆ. ನಾನು ಮೂಸಿ, ಹೆಸರು ಹೇಳಿ, ಚೀಟಿ ಬರೆದು ಅಂಟಿಸುತ್ತೇನೆ. ಹೆಸರಿನ ಪಕ್ಕದಲ್ಲಿ ಅವರ ಕಚ್ಚಿನ ಪಟ್ಟಿ. ಮೊದಲ ವಾರ ನಾನು ಬೇಗ ಬೇಗ ಮೂಸಿದ್ದಕ್ಕೆ ಬೈಸಿಕೊಂಡೆ. "ಅದೇನು ನೊಣ ಓಡಿಸೋ ಹಾಗೆ. ನಿಂತು ನೋಡು. ಮೊದಲು ಬರೋ ವಾಸನೆ ಬಿಡು, ಅದರ ಹಿಂದೆ ಇನ್ನೊಂದು ಬರುತ್ತೆ, ಅದು ನಿಜವಾದದ್ದು" ಎಂದು ಕಲಿಸಿದರು. ಎರಡು ತಿಂಗಳಲ್ಲಿ ಸೋಪಿನವನು ನೀರು ಬೆರೆಸಿದ್ದು ನನಗೆ ಗೊತ್ತಾಗುವ ಮಟ್ಟಕ್ಕೆ ಬಂದೆ. ಮಾವನವರು ಅವನಲ್ಲಿಗೆ ಹೋಗಿ, "ನಮ್ಮ ಸೊಸೆ ಹಿಡಿದಳು" ಎಂದು ನನ್ನ ಹೆಸರಿನಲ್ಲಿ ಜಗಳ ಮಾಡಿ ಬಂದರು. ಈಗ ಆ ಅಂಗಡಿಗೆ ಹೋದರೆ ನನಗೂ ಒಂದು ಸ್ಟೂಲು ಸಿಗುತ್ತದೆ.

ಹೋದ ಭಾನುವಾರ ಕೆಲಸವೆಲ್ಲ ಮುಗಿದಿತ್ತು. ನಾನು ಕೈ ಒರೆಸಿಕೊಳ್ಳುತ್ತಿದ್ದೆ. ಮಾವನವರು ತಮ್ಮ ಕೋಣೆಗೆ ಹೋಗಿ, ಬಟ್ಟೆಗಳ ನಡುವಿನಿಂದ ಚಪ್ಪಟೆಯ ಸಣ್ಣ ಬಾಟಲಿಯೊಂದನ್ನು ತಂದರು. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಳಗೆ ಏನೂ ಇರಲಿಲ್ಲ, ತಳದಲ್ಲಿ ಕಂದು ಗೆರೆಯೊಂದು ಒಣಗಿತ್ತು.

"ನಿಮ್ಮತ್ತೆ ತಲೆಗೆ ಹಚ್ಕೋತಿದ್ದ ಎಣ್ಣೆ. ನಾನೇ ಬೆರೆಸಿ ಕೊಡ್ತಿದ್ದೆ" ಎಂದರು.

ಅತ್ತೆ ತೀರಿಕೊಂಡು ಆರು ವರ್ಷವಾಗಿದೆ. ಮಾವನವರು ಬಿರಡೆಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ಮಾತಾಡಿದರು. "ದಿನಾ ಬೆಳಿಗ್ಗೆ ಒಂದು ಸಲ ತೆಗೀತಿದ್ದೆ. ಎಣ್ಣೆ ಒಣಗಿದ್ರೂ ವಾಸನೆ ಇರ್ತಿತ್ತು. ಮಲಗಿದ್ದಾಗ ಆಗಲಿಲ್ಲ. ಜ್ವರ ಬಿಟ್ಟ ದಿನ ತೆಗೆದೆ, ಏನೂ ಬರಲಿಲ್ಲ. ಮೂಗು ಹೋಯ್ತು ಅಂತ ಗೊತ್ತಾಗಿದ್ದೇ ಹಾಗೆ." ಬಾಟಲಿಯನ್ನು ನನ್ನ ಕಡೆ ಚಾಚಿದರು. "ನೀನು ನೋಡಿ ಹೇಳು. ಇದೆಯಾ ಇನ್ನೂ? ನಿಜ ಹೇಳ್ಬೇಕು."

ನಾನು ಬಿರಡೆ ತೆಗೆದು ಅವರು ಕಲಿಸಿದಂತೆ ನಿಂತು ನೋಡಿದೆ. ಏನೂ ಬರಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿದೆ. ಇದೆ ಎಂದುಬಿಟ್ಟರೆ ಅವರಿಗೆ ಸಮಾಧಾನ, ನನ್ನ ಸುಳ್ಳನ್ನು ಹಿಡಿಯುವವರು ಈ ಮನೆಯಲ್ಲಿ ಯಾರೂ ಇಲ್ಲ. ಆ ಮಾತು ಬಾಯಿವರೆಗೆ ಬಂತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಮಾವ" ಎಂದೆ. "ಹೋಗಿದೆ."

ಅವರು ಬಾಟಲಿಯನ್ನು ವಾಪಸು ತೆಗೆದುಕೊಂಡರು. ಅಳುತ್ತಾರೇನೋ ಎಂದುಕೊಂಡೆ. ಅವರು ಉದ್ದಕ್ಕೆ ಉಸಿರು ಬಿಟ್ಟು, ಮಗುವಿನಂತೆ ನಿರಾಳವಾಗಿ ನನ್ನನ್ನು ನೋಡಿದರು.

"ಹಾಗಾದ್ರೆ ಸರಿ" ಎಂದರು. "ಅವಳು ಇದರೊಳಗೇ ಇದ್ದಾಳೆ, ನನಗೊಬ್ಬನಿಗೇ ಸಿಗ್ತಿಲ್ಲ ಅಂದ್ಕೊಂಡಿದ್ದೆ."

ಅವರು ಬಾಟಲಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಬ್ರಶ್ಶು ತೆಗೆದುಕೊಂಡು ನಲ್ಲಿ ತಿರುಗಿಸಿದರು.